ವ್ಯಾಯಾಮದ ಹೊತ್ತಿಗೆ ಶುಗರ್ ಕೈಕೊಟ್ಟರೆ: ಇನ್ಸುಲಿನ್ ಪಂಪ್ ಬಳಸುವವರಿಗೆ ದೋಷ ನಿವಾರಣೆ ಕೈಪಿಡಿ

ಪಂಪ್ ಹಾಕಿಸಿಕೊಂಡ ಮೊದಲ ತಿಂಗಳಲ್ಲಿ ನಾನು ಮಾಡಿಕೊಂಡ ಎಡವಟ್ಟು ಇದು. ಸಂಜೆ ಆರಕ್ಕೆ ಓಡಲು ಹೊರಟೆ. ಶೂ ಲೇಸ್ ಕಟ್ಟುತ್ತಾ ಪಂಪ್ ನಿಲ್ಲಿಸಿದೆ. ಇನ್ಸುಲಿನ್ನೇ ನಿಂತ ಮೇಲೆ ಇನ್ನೆಲ್ಲಿ ಶುಗರ್ ಲೋ ಆಗುತ್ತೆ ಅನ್ನುವ ಧೈರ್ಯ. ಹೊರಟಾಗ ಶುಗರ್ 142. ಇಪ್ಪತ್ತೈದನೇ ನಿಮಿಷಕ್ಕೆ ಕಾಲು ಭಾರ, ತುಟಿಯ ಸುತ್ತ ಜುಮುಜುಮು, ಕೈ ನಡುಕ. ಬೆರಳು ಚುಚ್ಚಿ ನೋಡಿದರೆ 58. ಮನೆಗೆ ಬಂದು ಸುಧಾರಿಸಿಕೊಂಡೆ. ಎರಡು ಗಂಟೆ ಬಿಟ್ಟು ನೋಡಿದರೆ 260! ಪಂಪೇ ಕೆಟ್ಟಿದೆ ಅಂದುಕೊಂಡೆ. ಪಂಪ್ ಚೆನ್ನಾಗಿಯೇ ಇತ್ತು. ನಾನು ಗಡಿಯಾರ ನೋಡಿರಲಿಲ್ಲ, ಅಷ್ಟೇ.

ವ್ಯಾಯಾಮದ ಹೊತ್ತಿನ ದೋಷ ಹುಡುಕುವಾಗ ನಾವು ಈಗ ಕಾಣುವ ಸಂಖ್ಯೆಯನ್ನೇ ದಿಟ್ಟಿಸಿ ನೋಡುತ್ತೇವೆ. ಆದರೆ ಕಾರಣ ಬಹುಪಾಲು ಒಂದು, ಒಂದೂವರೆ ಗಂಟೆ ಹಿಂದೆ ಇರುತ್ತದೆ. ಹಾಗಾಗಿ ಇಲ್ಲಿ ಪ್ರತಿ ದೋಷಕ್ಕೂ ಮೊದಲ ಪ್ರಶ್ನೆ ಒಂದೇ: ಅದಕ್ಕೂ ಮುಂಚೆ ಏನಾಗಿತ್ತು?

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಶುಗರ್ ಅಂಕಿಗಳೆಲ್ಲ ಎಂಜಿ/ಡಿಎಲ್ ಲೆಕ್ಕದಲ್ಲಿವೆ, ಮಿಲಿಮೋಲ್ ಬಳಸುವವರು 18ರಿಂದ ಭಾಗಿಸಿಕೊಳ್ಳಿ. ಮತ್ತೆ, ಬೇಸಲ್ (ಪಂಪ್ ದಿನವಿಡೀ ಹನಿಹನಿಯಾಗಿ ಬಿಡುವ ಇನ್ಸುಲಿನ್), ಬೋಲಸ್ (ಊಟಕ್ಕೆಂದು ಒಮ್ಮೆಲೇ ಹಾಕುವುದು) ಎಷ್ಟು ಇಳಿಸಬೇಕು ಅನ್ನುವ ಅಂಕಿಗಳು ಶುರು ಮಾಡಲು ಮಾತ್ರ. ನಿಮ್ಮ ದೇಹದ ಲೆಕ್ಕವನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಹೊಂದಿಸಿಕೊಳ್ಳಿ.

ಈಗಲೇ ಲೋ ಇದ್ದರೆ

ಓದುವುದು ಬಿಡಿ. ವ್ಯಾಯಾಮ ನಿಲ್ಲಿಸಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತಗೊಳ್ಳಿ. ಮಾತ್ರೆಯಾದರೆ ಒಂದರಲ್ಲಿ ಸಾಮಾನ್ಯವಾಗಿ 4 ಗ್ರಾಂ ಇರುತ್ತದೆ, ಅಂದರೆ ನಾಲ್ಕು ಮಾತ್ರೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲವಾದರೆ ಇನ್ನೊಮ್ಮೆ ತಗೊಳ್ಳಿ. 54ಕ್ಕಿಂತ ಕೆಳಗೆ ಹೋಗಿದ್ದರೆ ಆ ದಿನದ ವ್ಯಾಯಾಮ ಅಲ್ಲಿಗೆ ಮುಗಿಯಿತು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗ್ಲುಕಗಾನ್ (ಶುಗರ್ ಏರಿಸುವ ತುರ್ತು ಔಷಧಿ) ಇದ್ದರೆ ಕೊಟ್ಟು ಆಂಬುಲೆನ್ಸ್ ಕರೆಸಬೇಕು. ಇದು ನಿಮಗೆ ಗೊತ್ತಿದ್ದರೆ ಸಾಲದು, ಜೊತೆಯಲ್ಲಿ ಓಡುವವರಿಗೂ ಗೊತ್ತಿರಬೇಕು.

ಮೊದಲು ನೋಡಬೇಕಾದ್ದು: ಸಂಖ್ಯೆ ನಿಜವಾ?

ಮೈಗೆ ಅಂಟಿಸಿಕೊಂಡು ಸದಾ ಶುಗರ್ ತೋರಿಸುವ ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಸುಮ್ಮನೆ ಕೂತಿದ್ದಾಗಲೂ ಐದು ಹತ್ತು ನಿಮಿಷ ಬೇಕು. ಓಡುವಾಗ ಶುಗರ್ ಜೋರಾಗಿ ಇಳಿಯುತ್ತಿದ್ದರೆ ಈ ಅಂತರ ಇನ್ನೂ ಜಾಸ್ತಿ. ಸೆನ್ಸರ್ 96 ತೋರಿಸುತ್ತಾ ಬಾಣ ಕೆಳಗಿದ್ದರೆ ಬೆರಳಿನಲ್ಲಿ 70 ಇದ್ದರೂ ಆಶ್ಚರ್ಯ ಇಲ್ಲ. ಲೋ ಆದ ಮೇಲೆ ಇದೇ ಕತೆ ಉಲ್ಟಾ. ಗ್ಲೂಕೋಸ್ ತಿಂದು ರಕ್ತದಲ್ಲಿ ಏರಿದ್ದರೂ ಸೆನ್ಸರ್ ಇನ್ನೂ 62 ಅನ್ನುತ್ತಿರುತ್ತದೆ. ಅದನ್ನು ನಂಬಿ ಮತ್ತೆ ಮತ್ತೆ ತಿಂದರೆ ಒಂದು ಗಂಟೆಗೆ 250. ಮೈಯಲ್ಲಿ ಲೋ ಲಕ್ಷಣ ಇದ್ದು ಸೆನ್ಸರ್ ಮಾತ್ರ ಲೋ ಇಲ್ಲ ಅಂತ ತೋರಿಸಿದರೆ ಮೈಯನ್ನು ನಂಬಿ, ಬೆರಳು ಚುಚ್ಚಿ ನೋಡಿ.

ಬೆರಳೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ಒಮ್ಮೆ ಕೈ ನಡುಗುತ್ತಾ ಗ್ಲೂಕೋಸ್ ಮಾತ್ರೆ ಮುರಿದು ತಿಂದು, ಅದೇ ಬೆರಳು ಚುಚ್ಚಿದೆ. ಮೀಟರ್‌ನಲ್ಲಿ 240! ಬೆರಳಿನ ಮೇಲೆ ಮಾತ್ರೆಯ ಪುಡಿ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆ ಬೆರಳು ಚುಚ್ಚಿದೆ. 61 ಬಂತು. ಆ 240 ನಂಬಿ ಇನ್ಸುಲಿನ್ ಹಾಕಿಕೊಂಡಿದ್ದರೆ ಏನಾಗುತ್ತಿತ್ತೋ.

ದೋಷ: ಶುರು ಮಾಡಿ ಅರ್ಧ ಗಂಟೆಯೊಳಗೆ ಜರ್ರನೆ ಇಳಿಯುತ್ತದೆ

ಎಲ್ಲಕ್ಕಿಂತ ಸಾಮಾನ್ಯ ತೊಂದರೆ ಇದೇ. ಜೋರು ನಡಿಗೆ, ಓಟ, ಸೈಕಲ್, ಈಜು, ಹೀಗೆ ಒಂದೇ ಸಮನೆ ಎಳೆಯುವ ವ್ಯಾಯಾಮದಲ್ಲಿ ಕಾಣಿಸುತ್ತದೆ.

ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಜೊತೆಗೆ, ಇರುವ ಇನ್ಸುಲಿನ್ ಕೂಡ ಎಂದಿಗಿಂತ ಚುರುಕಾಗುತ್ತದೆ. ಡಯಾಬಿಟಿಸ್ ಇಲ್ಲದವರು ಓಡತೊಡಗಿದರೆ ಅವರ ಮೇದೋಜೀರಕ ಗ್ರಂಥಿ ಆ ಕ್ಷಣವೇ ಇನ್ಸುಲಿನ್ ಕಡಿಮೆ ಮಾಡುತ್ತದೆ. ನಮ್ಮಲ್ಲಿ ಚರ್ಮದಡಿ ಸೇರಿದ ಇನ್ಸುಲಿನ್ ಅನ್ನು ವಾಪಸ್ ಕರೆಯಲು ಆಗಲ್ಲ. ಇದೇನೂ ಹೊಸ ಸಂಗತಿಯಲ್ಲ. ಬ್ರಿಟನ್ನಿನ ಡಾಕ್ಟರ್ ಆರ್.ಡಿ. ಲಾರೆನ್ಸ್ ವ್ಯಾಯಾಮ ಇನ್ಸುಲಿನ್ನಿನ ಪರಿಣಾಮವನ್ನು ಹೇಗೆ ಬದಲಿಸುತ್ತದೆ ಎಂದು 1926ರಲ್ಲೇ ಬರೆದರು. ಅವರಿಗೂ ಡಯಾಬಿಟಿಸ್ ಇತ್ತು. ಇನ್ಸುಲಿನ್ ಬಂದು ಆಗಿನ್ನೂ ನಾಲ್ಕೈದು ವರ್ಷ.

ಈಗ ನನ್ನ 58ರ ಲೆಕ್ಕ ಬಿಡಿಸಿ ನೋಡೋಣ. ಐದು ಗಂಟೆಗೆ ತಿಂಡಿಗೆಂದು 5 ಯೂನಿಟ್ ಬೋಲಸ್ ಹಾಕಿದ್ದೆ. ಆರಕ್ಕೆ ಅದರಲ್ಲಿ ಸುಮಾರು 3.5 ಯೂನಿಟ್ ಇನ್ನೂ ಕೆಲಸ ಮುಗಿಸಿರಲಿಲ್ಲ. ಪಂಪಿನ ಪರದೆಯಲ್ಲಿ ಆಕ್ಟಿವ್ ಇನ್ಸುಲಿನ್ ಅಂತ ಬರುತ್ತದಲ್ಲ, ಅದು. ನನಗೆ ಒಂದು ಯೂನಿಟ್ ಸುಮಾರು 40 ಇಳಿಸುತ್ತದೆ. ಅಂದರೆ 140ರಷ್ಟು ಇಳಿಸುವ ಇನ್ಸುಲಿನ್ ಹೊತ್ತುಕೊಂಡೇ ಹೊರಟಿದ್ದೆ. ಅದರಲ್ಲಿ ಒಂದಷ್ಟು ಹೊಟ್ಟೆಯಲ್ಲಿದ್ದ ತಿಂಡಿಗೆ ಬೇಕಿತ್ತು, ನಿಜ. ಆದರೆ ಓಟ ಅದನ್ನು ಇನ್ನಷ್ಟು ಚುರುಕು ಮಾಡಿತು. ಇತ್ತ ಪಂಪ್ ನಿಲ್ಲಿಸಿ ಉಳಿಸಿದ್ದೆಷ್ಟು? ನನ್ನ ಬೇಸಲ್ ಗಂಟೆಗೆ 0.8. ಇಪ್ಪತ್ತೈದು ನಿಮಿಷಕ್ಕೆ 0.33 ಯೂನಿಟ್. ಮೂರೂವರೆ ಯೂನಿಟ್ ಒಳಗಿಟ್ಟುಕೊಂಡು ಮೂರನೇ ಒಂದು ಯೂನಿಟ್ ತಡೆದು ಬೀಗಿದ್ದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಹಾಗಾಗಿ ಇಲ್ಲಿ ಪತ್ತೆ ಕೆಲಸ ಹೀಗೆ. ಪಂಪಿನ ಹಿಸ್ಟರಿ ತೆಗೆದು ಹಿಂದಿನ ಮೂರು ಗಂಟೆಯಲ್ಲಿ ಬೋಲಸ್ ಇದೆಯಾ ನೋಡಿ. ಇದ್ದರೆ ಮೊದಲ ಆರೋಪಿ ಅದೇ, ಬೇಸಲ್ ಅಲ್ಲ. ಮುಂದಿನ ಸಲ ಆ ಊಟದ ಬೋಲಸ್ಸನ್ನು 25ರಿಂದ 75 ಪರ್ಸೆಂಟ್ ಕಡಿಮೆ ಮಾಡಬೇಕು. ಹಗುರ ನಡಿಗೆಗೆ ಕಾಲು ಭಾಗ ಕಡಿಮೆ, ಬೆವರಿಳಿಸುವ ಒಂದು ಗಂಟೆ ಓಟಕ್ಕೆ ಅರ್ಧ ಅಥವಾ ಅದಕ್ಕೂ ಜಾಸ್ತಿ. ಊಟದ ಹೊತ್ತನ್ನೇ ವ್ಯಾಯಾಮಕ್ಕಿಂತ ಮೂರು ಗಂಟೆ ಮುಂಚೆಗೆ ತಳ್ಳಲು ಆದರೆ ಅದು ಇನ್ನೂ ಸುಲಭ.

ಬೋಲಸ್ ಇರಲಿಲ್ಲ, ಆದರೂ ಇಳಿಯಿತು ಅಂದರೆ ಆಗ ಬೇಸಲ್ ನೋಡಿ. ಬೇಸಲ್ ಈಗ ಇಳಿಸಿದರೆ ಅದರ ಪರಿಣಾಮ ರಕ್ತದಲ್ಲಿ ಕಾಣಲು 60ರಿಂದ 90 ನಿಮಿಷ ಬೇಕು. ಆರು ಗಂಟೆಯ ಓಟಕ್ಕೆ ನಾಲ್ಕೂವರೆಗೇ ಟೆಂಪ್ ಬೇಸಲ್ (ಸ್ವಲ್ಪ ಹೊತ್ತಿಗೆ ಮಾತ್ರ ಬದಲಿಸಿದ ಬೇಸಲ್) ಹಾಕಬೇಕು, 50ರಿಂದ 80 ಪರ್ಸೆಂಟ್ ಕಡಿಮೆ ಮಾಡಿ. ಮರೆತುಹೋಗುತ್ತೆ ಅಂತ ನಾನು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಅದರ ಹೆಸರೇ ‘ಓಟ ಈಗ ಶುರು’.

ತಟ್ಟನೆ ಹೊರಡಬೇಕಾಗಿ ಬಂದರೆ? ಆಗ ಇನ್ಸುಲಿನ್ ಜೊತೆ ಜಗಳ ಬೇಡ, ಕಾರ್ಬ್ (ಶುಗರ್ ಏರಿಸುವ ಸಕ್ಕರೆ, ಪಿಷ್ಟದ ತಿನಿಸು) ತಗೊಳ್ಳಿ. ಹೊರಡುವಾಗ 126ರಿಂದ 180ರ ನಡುವೆ ಇರುವುದು ಒಳ್ಳೆಯದು. 90ಕ್ಕಿಂತ ಕೆಳಗಿದ್ದರೆ 10ರಿಂದ 20 ಗ್ರಾಂ ತಿಂದು, 90 ದಾಟಿದ ಮೇಲೆ ಹೊರಡಿ. ಮೈಯಲ್ಲಿ ಇನ್ಸುಲಿನ್ ಕಡಿಮೆ ಇದ್ದರೆ ಗಂಟೆಗೆ 10–15 ಗ್ರಾಂ ಸಾಕಾಗಬಹುದು. ಬೋಲಸ್ ಇಳಿಸದೆ ಹೊರಟಿದ್ದರೆ ಗಂಟೆಗೆ 30ರಿಂದ 60 ಗ್ರಾಂ ಬೇಕಾಗಬಹುದು.

ಇನ್ನೂ ಎರಡು ಕಾರಣ ಉಳಿದಿವೆ. ಹಿಂದಿನ ದಿನ ಲೋ ಆಗಿದ್ದರೆ ಇವತ್ತು ದೇಹ ಲೋ ವಿರುದ್ಧ ಹೋರಾಡುವುದು ಕಡಿಮೆ, ಮುನ್ಸೂಚನೆಯೂ ಮಂಕು. ಬೇರೆಯವರ ಸಹಾಯ ಬೇಕಾಗುವಷ್ಟು ಕೆಟ್ಟ ಲೋ ಆಗಿದ್ದರೆ 24 ಗಂಟೆ ವ್ಯಾಯಾಮ ಬೇಡವೇ ಬೇಡ. ಇನ್ನೊಂದು, ಕ್ಯಾನುಲಾ (ಇನ್ಸುಲಿನ್ ಒಳಹೋಗಲು ಚರ್ಮದಡಿ ಇರುವ ಸಣ್ಣ ನಳಿಕೆ) ತೊಡೆಯಲ್ಲಿದ್ದು ನೀವು ಸೈಕಲ್ ತುಳಿದರೆ ಅಲ್ಲಿ ರಕ್ತ ಓಡಾಟ ಹೆಚ್ಚಿ ಇನ್ಸುಲಿನ್ ಬೇಗ ಹೀರಿಕೊಳ್ಳಬಹುದು.

ದೋಷ: ವ್ಯಾಯಾಮ ಮಾಡಿದರೂ ಏರುತ್ತದೆ

ಇಲ್ಲಿ ಇಬ್ಬರು ಆರೋಪಿಗಳು. ಒಬ್ಬ ಪಾಪದವನು, ಇನ್ನೊಬ್ಬ ಅಪಾಯದವನು. ಹೊರಗಿನಿಂದ ನೋಡಲು ಇಬ್ಬರೂ ಒಂದೇ ಥರ.

ಪಾಪದವನು ಅಡ್ರಿನಲಿನ್. ಭಾರ ಎತ್ತುವುದು, ಚುಟುಕು ಜೋರು ಓಟ, ಪಂದ್ಯದ ಟೆನ್ಷನ್, ಇವೆಲ್ಲ ಲಿವರ್‌ನಿಂದ ಗ್ಲೂಕೋಸ್ ಹೊರಕ್ಕೆ ತಳ್ಳುತ್ತವೆ. 150 ಇದ್ದದ್ದು 220 ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಮಾಡಿದರೆ ಏರುವುದು ಇನ್ನೂ ಜಾಸ್ತಿ. ಇದು ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯತೊಡಗುತ್ತದೆ. ಪೂರ್ತಿ ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸಲು ಹಾಕುವ ಇನ್ಸುಲಿನ್) ಹಾಕಿದರೆ ಆಮೇಲೆ ಧಡಕ್ಕನೆ ಬೀಳುತ್ತದೆ, ಯಾಕೆಂದರೆ ಆ ಹೊತ್ತಿಗೆ ಸ್ನಾಯುಗಳೂ ಗ್ಲೂಕೋಸ್ ಹೀರುತ್ತಿರುತ್ತವೆ. ಹಾಕಲೇಬೇಕು ಅನಿಸಿದರೆ ಪಂಪ್ ಹೇಳಿದ್ದರಲ್ಲಿ ಅರ್ಧ ಸಾಕು. ನಾನಂತೂ 45 ನಿಮಿಷ ಕಾಯುತ್ತೇನೆ.

ಅಪಾಯದವನು ಅಂದರೆ ಇನ್ಸುಲಿನ್ ಒಳಗೆ ಹೋಗದೇ ಇರುವುದು. ಪಂಪ್ ಬಳಸುವವರ ಮೈಯಲ್ಲಿ ದಿನಪೂರ್ತಿ ನಿಲ್ಲುವ ಇನ್ಸುಲಿನ್ ದಾಸ್ತಾನು ಇರುವುದಿಲ್ಲ. ಹರಿವು ಕಡಿದರೆ ಕೆಲವೇ ಗಂಟೆಯಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಏರತೊಡಗುತ್ತದೆ. ಆ ಸ್ಥಿತಿಯಲ್ಲಿ ವ್ಯಾಯಾಮ ಮಾಡಿದರೆ ಶುಗರ್, ಕೀಟೋನ್ ಎರಡೂ ಇನ್ನಷ್ಟು ಏರುತ್ತವೆ.

ಪಂಪ್ ಕೂಗುತ್ತಲ್ಲ ಅಂತೀರಾ? ನಂಬಬೇಡಿ. ಕೊಳವೆಯಲ್ಲಿ 2 ಯೂನಿಟ್‌ನಷ್ಟು ಒತ್ತಡ ಕಟ್ಟಿಕೊಂಡ ಮೇಲೆ ಅಲಾರಂ ಹೊಡೆಯುವ ಪಂಪ್ ಅಂತ ಇಟ್ಟುಕೊಳ್ಳಿ. ಬೇಸಲ್ ಗಂಟೆಗೆ 0.5 ಇದ್ದರೆ ಅಷ್ಟು ಕಟ್ಟಿಕೊಳ್ಳಲು ನಾಲ್ಕು ಗಂಟೆ. ವ್ಯಾಯಾಮಕ್ಕೆಂದು ಬೇಸಲ್ ಅರ್ಧಕ್ಕೆ ಇಳಿಸಿದ್ದರೆ ಎಂಟು ಗಂಟೆ! ನಮ್ಮ ಒಳ್ಳೆಯ ಅಭ್ಯಾಸವೇ ಅಲಾರಂ ಅನ್ನು ತಡ ಮಾಡುತ್ತದೆ. ಇನ್ನು ಇನ್ಸುಲಿನ್ ಹೊರಗೆ ಸೋರುತ್ತಿದ್ದರೆ ಒತ್ತಡವೇ ಕಟ್ಟಿಕೊಳ್ಳುವುದಿಲ್ಲ. ಅಲಾರಂ ಬರುವುದೇ ಇಲ್ಲ.

ಇಬ್ಬರನ್ನೂ ಬೇರ್ಪಡಿಸುವುದು ಹೇಗೆ? 270 ದಾಟಿದರೆ ಕೀಟೋನ್ ನೋಡಿ, ರಕ್ತದ ಸ್ಟ್ರಿಪ್‌ನಲ್ಲಿ (ಈ ಅಂಕಿಗಳು ಮಿಲಿಮೋಲ್ ಲೆಕ್ಕ). ಮೂತ್ರದ ಸ್ಟ್ರಿಪ್ ಹಳೇ ಸುದ್ದಿ ಹೇಳುತ್ತದೆ. 0.6ಕ್ಕಿಂತ ಕಡಿಮೆ ಇದ್ದು ಈಗಷ್ಟೇ ಭಾರ ಎತ್ತಿದ್ದರೆ ಅಡ್ರಿನಲಿನ್ ಇರಬಹುದು, ಕಾದು ನೋಡಿ. 0.6ರಿಂದ 1.4 ಇದ್ದರೆ ಮೊದಲು ಕಾರಣ ಹುಡುಕಿ ಸರಿ ಮಾಡಿ, ವ್ಯಾಯಾಮ ಆಮೇಲೆ. 1.5 ಅಥವಾ ಜಾಸ್ತಿ ಇದ್ದರೆ ವ್ಯಾಯಾಮ ಬಂದ್, ಡಾಕ್ಟರಿಗೆ ಫೋನ್ ಮಾಡಿ. 3 ದಾಟಿದರೆ ಅಥವಾ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ನೇರ ಆಸ್ಪತ್ರೆಗೆ.

ಆಮೇಲೆ ಕೈಯಿಂದ ಪರೀಕ್ಷೆ. ನನ್ನ ಹೊಟ್ಟೆಯ ಮೇಲಿನ ಟೇಪಿನ ಒಂದು ಅಂಚು ಒಮ್ಮೆ ಬೆವರಿಗೆ ಎದ್ದಿತ್ತು, ಉಗುರಿನಷ್ಟು ಅಗಲ. ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗಿತ್ತು. ಬೆರಳಿಂದ ಒತ್ತಿ ಮೂಸಿದೆ. ಇನ್ಸುಲಿನ್ ವಾಸನೆ ಗೊತ್ತಲ್ಲ, ಆ ಆಸ್ಪತ್ರೆ ವಾಸನೆ, ಕೆಡದಿರಲಿ ಅಂತ ಹಾಕುವ ಫೀನಾಲ್ ಜಾತಿಯ ವಸ್ತುವಿನದು. ಬೆವರಿಗೆ ಆ ವಾಸನೆ ಇರುವುದಿಲ್ಲ. ಸೆಟ್ (ಟೇಪ್, ಕ್ಯಾನುಲಾ, ಕೊಳವೆ ಸೇರಿದ್ದು) ಕಿತ್ತು ನೋಡಿದರೆ ಕ್ಯಾನುಲಾ ತುದಿ ಗಾಳದ ಹಾಗೆ ಬಾಗಿತ್ತು. ಬೆಳಿಗ್ಗೆಯಿಂದ ನಾನು ಹಾಕಿದ ಬೋಲಸ್‌ಗಳು ಟೇಪಿಗೆ ಹೋಗಿದ್ದವು.

ಕೊಳವೆಯಲ್ಲಿ ಗಾಳಿ ಇದೆಯಾ ಅಂತಲೂ ಬೆಳಕಿಗೆ ಹಿಡಿದು ನೋಡಿ. ಸಾಸಿವೆಯಷ್ಟು ಗುಳ್ಳೆಗೆ ತಲೆ ಕೆಡಿಸಿಕೊಳ್ಳಬೇಡಿ. ಬೆರಳುದ್ದ ಖಾಲಿ ಇದ್ದರೆ ಮಾತ್ರ ಕಳಚಿ, ಗಾಳಿ ಹೊರಹಾಕಿ. ಮೈಗೆ ಜೋಡಿಸಿಕೊಂಡೇ ಈ ಕೆಲಸ ಮಾಡಬಾರದು.

ಹರಿವು ನಿಂತಿದೆ ಅನ್ನುವ ಅನುಮಾನ ಇದ್ದರೆ ಕರೆಕ್ಷನ್ ಡೋಸನ್ನು ಅದೇ ಪಂಪಿನಿಂದ ಹಾಕಬೇಡಿ. ಪೆನ್ ಅಥವಾ ಸಿರಿಂಜ್‌ನಿಂದ ಹಾಕಿ, ನಂತರ ಹೊಸ ಸೆಟ್, ಹೊಸ ಜಾಗ. ಬಾಟಲಿಯಲ್ಲಿನ ಇನ್ಸುಲಿನ್ ಬಿಸಿಲಲ್ಲಿ ಬೆಂದಿತ್ತು ಅನಿಸಿದರೆ ಅದನ್ನೂ ಬದಲಿಸಿ.

ದೋಷ: ಪಂಪ್ ಕಳಚಿಟ್ಟು ಆಡಿದೆ, ಆಮೇಲೆ ಏರಿತು

ನನ್ನ 260ರ ಕತೆ ಇದು. ಆರಕ್ಕೆ ನಿಲ್ಲಿಸಿದ ಪಂಪ್ ಮತ್ತೆ ಶುರು ಮಾಡಲು ಮರೆತಿದ್ದೆ. ಇನ್ಸುಲಿನ್ ನಿಲ್ಲಿಸಿದ ಪರಿಣಾಮ ಏಳರ ಮೇಲೆ ಬಂತು, ಅಷ್ಟೊತ್ತಿಗೆ ಓಟ ಮುಗಿದು ಸೋಫಾ ಮೇಲಿದ್ದೆ. ಹೆದರಿಕೆಯಲ್ಲಿ ಸಿಕ್ಕಿದ್ದೆಲ್ಲ ತಿಂದಿದ್ದು ಬೇರೆ. ಬೇಡದಾಗ ಇನ್ಸುಲಿನ್ ಇತ್ತು, ಬೇಕಾದಾಗ ಇರಲಿಲ್ಲ.

ಮೈಗೆ ಮೈ ತಾಗುವ ಆಟ, ಈಜು, ಇವಕ್ಕೆ ಹಲವು ಪಂಪ್‌ಗಳನ್ನು ಕಳಚಬೇಕಾಗುತ್ತದೆ. ಒಂದು ಗಂಟೆಯೊಳಗೆ ಜೋಡಿಸಿಕೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಆಗುವುದಾದರೆ ಗಂಟೆಗೊಮ್ಮೆ ಶುಗರ್ ನೋಡಿ, ಪಂಪ್ ಜೋಡಿಸಿ, ತಪ್ಪಿಹೋದ ಬೇಸಲ್‌ನಲ್ಲಿ ಅರ್ಧದಷ್ಟು ಹಾಕಿಕೊಳ್ಳುವುದು ರೂಢಿ. ಕಳಚಿದ ಪಂಪನ್ನು ಬಿಸಿಲಿಗೆ ಬಿಡಬೇಡಿ. ಜೋಡಿಸಿದ ಮೇಲೆ ಪರದೆ ನೋಡಿ, ‘ನಿಲ್ಲಿಸಲಾಗಿದೆ’ ಅಂತ ಇನ್ನೂ ಇದೆಯಾ ಅಂತ.

ದೋಷ: ವ್ಯಾಯಾಮ ಸರಿಯಾಗೇ ಹೋಯಿತು, ಮಧ್ಯರಾತ್ರಿ ಲೋ

ಖಾಲಿಯಾದ ಸ್ನಾಯುಗಳು ರಾತ್ರಿಯಿಡೀ ಗ್ಲೂಕೋಸ್ ತುಂಬಿಸಿಕೊಳ್ಳುತ್ತಿರುತ್ತವೆ. ಆರರಿಂದ ಹದಿನೈದು ಗಂಟೆ ಬಿಟ್ಟು ಲೋ ಆಗಬಹುದು, ಒಮ್ಮೊಮ್ಮೆ 24 ಗಂಟೆಯವರೆಗೂ. ಸಂಜೆ ವ್ಯಾಯಾಮ ಮಾಡುವವರಿಗೆ ಅದು ಸರಿಯಾಗಿ ನಿದ್ದೆಯ ಹೊತ್ತಿಗೇ ಬರುತ್ತದೆ. ವ್ಯಾಯಾಮದ ನಂತರದ ಊಟದ ಬೋಲಸ್ ಕಾಲು ಭಾಗದಿಂದ ಅರ್ಧದಷ್ಟು ಕಡಿಮೆ ಮಾಡಿ. ಮಲಗುವಾಗ ಆರು ಗಂಟೆಗೆ 20 ಪರ್ಸೆಂಟ್ ಕಡಿಮೆಯ ಟೆಂಪ್ ಬೇಸಲ್ ಹಾಕಿ. ಮದ್ಯ ಕುಡಿದ ರಾತ್ರಿ ಇನ್ನೂ ಹುಷಾರು, ಲಿವರ್ ಸಹಾಯಕ್ಕೆ ಬರುವುದಿಲ್ಲ.

ಸೆನ್ಸರ್ ಮೇಲೆ ಮಗ್ಗುಲಾಗಿ ಮಲಗಿದರೂ ಅದು ಸುಳ್ಳು ಲೋ ತೋರಿಸುತ್ತದೆ. ಗ್ರಾಫ್ ಒಮ್ಮೆಲೇ ಗೋಡೆಯ ಹಾಗೆ ಬಿದ್ದು, ಮಗ್ಗುಲು ಬದಲಿಸಿದ ಮೇಲೆ ಹಾಗೇ ಎದ್ದಿದ್ದರೆ ಅದು. ಆದರೂ ಆ ಹೊತ್ತಲ್ಲಿ ಬೆರಳು ಚುಚ್ಚಿ ನೋಡದೆ ಅಲಾರಂ ಆರಿಸಬೇಡಿ.

ತಾನಾಗಿ ಇನ್ಸುಲಿನ್ ಹೊಂದಿಸುವ ಪಂಪ್ ಇದ್ದರೆ

ಲೆಕ್ಕ ಅದೇ, ಆದರೆ ತಪ್ಪುಗಳು ಬೇರೆ. ವ್ಯಾಯಾಮದ ಮೋಡ್, ಅಂದರೆ ಗುರಿಯನ್ನು 140–150ರ ಸುತ್ತ ಏರಿಸುವುದನ್ನು, ಒಂದರಿಂದ ಎರಡು ಗಂಟೆ ಮೊದಲೇ ಒತ್ತಿ. ಹೊರಡುವ ಅರ್ಧ ಗಂಟೆ ಮುಂಚೆ ಏನೋ ತಿಂದಿರಿ ಅನ್ನಿ. ಶುಗರ್ ಏರುವುದನ್ನು ಪಂಪ್ ನೋಡುತ್ತದೆ, ಒಳ್ಳೆಯದು ಮಾಡಲು ಹೋಗಿ ಇನ್ಸುಲಿನ್ ಜಾಸ್ತಿ ಮಾಡುತ್ತದೆ, ಓಟ ಶುರುವಾದಾಗ ಲೋ. ಅದಕ್ಕೇ ಕಾರ್ಬ್ ತಿನ್ನುವುದಾದರೆ ಹೊರಡುವ ಐದು ಹತ್ತು ನಿಮಿಷ ಮುಂಚೆ, ಸ್ವಲ್ಪ ಸ್ವಲ್ಪ. ಇನ್ನು ಪಂಪ್ ಕಳಚುವಾಗ ಇನ್ಸುಲಿನ್ ನಿಲ್ಲಿಸಿಯೇ ಕಳಚಿ. ಇಲ್ಲವಾದರೆ ಹೊರಗೆ ತೊಟ್ಟಿಕ್ಕಿದ್ದನ್ನೂ ಅದು ನಿಮ್ಮ ಮೈಗೆ ಹೋಯಿತು ಅಂತಲೇ ಲೆಕ್ಕ ಬರೆದುಕೊಳ್ಳುತ್ತದೆ.

ಪುಸ್ತಕದಲ್ಲಿ ಬರೆದಿಡಿ

ದೋಷ ಒಂದೇ ಸಲಕ್ಕೆ ಸಿಕ್ಕಿಬೀಳುವುದಿಲ್ಲ. ಅದೇ ವ್ಯಾಯಾಮ, ಅದೇ ಹೊತ್ತು ಇಟ್ಟುಕೊಂಡು ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ ನೋಡಿ. ಹೊರಡುವಾಗಿನ ಶುಗರ್, ಆಕ್ಟಿವ್ ಇನ್ಸುಲಿನ್, ಬೇಸಲ್ ಎಷ್ಟು ಹೊತ್ತಿಗೆ ಇಳಿಸಿದಿರಿ, ಏನು ತಿಂದಿರಿ, ಇಷ್ಟು ಸಾಕು. ನಾನು ಇನ್ನೊಂದು ಕಾಲಂ ಸೇರಿಸಿದ್ದೇನೆ: ಸೆಟ್ ಹಾಕಿ ಎಷ್ಟನೇ ದಿನ. ಸುಮ್ನೆ ಬರೆಯುತ್ತಿದ್ದೆ. ಒಂದು ದಿನ ಪುಟ ತಿರುವಿದಾಗ ಕಂಡಿತು, ಕಾರಣ ಗೊತ್ತಾಗದೆ ಏರಿದ್ದ ನಾಲ್ಕು ಓಟಗಳಲ್ಲಿ ಮೂರು, ಮೂರನೇ ದಿನದ ಸೆಟ್‌ನವು. ಈಗ ಉದ್ದ ಓಟದ ಹಿಂದಿನ ದಿನ ಬೆಳಿಗ್ಗೆಯೇ ಸೆಟ್ ಬದಲಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಅಲ್ಲ. ಹೊಸ ಸೆಟ್ ಕೈಕೊಟ್ಟರೆ ಗೊತ್ತಾಗಲು ನಾನು ಎಚ್ಚರವಾಗಿರಬೇಕು, ಅಲ್ವಾ.